ಬಿಳಿಯ ಎಳೆಯನ್ನು ನಂಬುವ ಮುನ್ನ

ವರ್ಷಕ್ಕೊಮ್ಮೆ ನಮ್ಮ ಪದವಿಪೂರ್ವ ಕಾಲೇಜುಗಳ ಜೀವಶಾಸ್ತ್ರದ ಪ್ರಯೋಗಶಾಲೆಯಲ್ಲಿ ಒಂದು ಸಂಭ್ರಮದ ದಿನ ಬರುತ್ತದೆ. ಅಂದು ವಿದ್ಯಾರ್ಥಿಗಳು ಪಾಲಕ್ ಸೊಪ್ಪನ್ನೋ, ಹಸಿಯ ಬಟಾಣಿಯನ್ನೋ, ಪರಂಗಿ ಹಣ್ಣನ್ನೋ ಅರೆದು, ಉಪ್ಪನ್ನೂ ಪಾತ್ರೆ ತೊಳೆಯುವ ಸಾಬೂನಿನ ದ್ರಾವಣವನ್ನೂ ಬೆರೆಸಿ, ಸೋಸಿ, ಆ ತಿಳಿಯ ಮೇಲೆ ತಣ್ಣನೆಯ ಮದ್ಯಸಾರವನ್ನು ಪ್ರನಾಳದ ಗೋಡೆಗುಂಟ ಮೆಲ್ಲನೆ ಇಳಿಯಬಿಡುತ್ತಾರೆ. ಎರಡು ದ್ರವಗಳು ಸಂಧಿಸುವೆಡೆಯಲ್ಲಿ ಮೋಡದಂತಹ ಬಿಳುಪು ಮೂಡುತ್ತದೆ; ನೋಡುನೋಡುತ್ತಿದ್ದಂತೆ ಅದು ನೂಲಿನ ಎಳೆಗಳಾಗಿ ಮೇಲೇಳುತ್ತದೆ. ಗಾಜಿನ ಕಡ್ಡಿಗೆ ಸುತ್ತಿಕೊಂಡ ಆ ಎಳೆಯನ್ನು ಎತ್ತಿ ಹಿಡಿದು ಎಲ್ಲರೂ ಸಂತೋಷಪಡುತ್ತಾರೆ. ಬಳಿಕ ರೆಕಾರ್ಡು ಪುಸ್ತಕದಲ್ಲಿ "ಶುದ್ಧ ಡಿ.ಎನ್.ಎ. ದೊರೆಯಿತು" ಎಂದು ಬರೆದು ಸಹಿ ಪಡೆಯುವುದರೊಂದಿಗೆ ಆ ದಿನದ ಪ್ರಯೋಗ ಮುಗಿಯುತ್ತದೆ.

ಈ ಕೊನೆಯ ವಾಕ್ಯವನ್ನು ಕುರಿತು ವಿದ್ಯಾರ್ಥಿ ಮಿತ್ರರೊಡನೆ ಕೊಂಚ ವಿಚಾರ ಮಾಡಬೇಕೆಂಬುದೇ ಈ ಲೇಖನದ ಉದ್ದೇಶ. ಪ್ರಯೋಗವೇನೋ ಒಳ್ಳೆಯದೇ. ಸೂಕ್ಷ್ಮದರ್ಶಕದ ನೆರವೂ ಇಲ್ಲದೆ, ಬಹುಪಾಲು ಅಡುಗೆಮನೆಯ ಸಾಮಗ್ರಿಗಳಿಂದಲೇ, ಜೀವಿಯ ಆನುವಂಶಿಕ ದ್ರವ್ಯವನ್ನು ಕಣ್ಣಾರೆ ಕಾಣುವ ಅವಕಾಶ ಸಾಮಾನ್ಯವಾದುದಲ್ಲ. ಆದರೆ ಆ ವಾಕ್ಯದಲ್ಲಿರುವ "ಶುದ್ಧ" ಎಂಬ ವಿಶೇಷಣಕ್ಕೆ ಪ್ರಯೋಗದಲ್ಲಿ ಯಾವ ಆಧಾರವೂ ಇಲ್ಲ. ಆಧಾರವಿಲ್ಲದ ಮಾತನ್ನು ಸಹಿಯ ಸಮೇತ ಬರೆದಿಡಲು ಕಲಿತ ವಿದ್ಯಾರ್ಥಿ ಆ ದಿನ ಗಳಿಸಿದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚೆಂದು ನನ್ನ ಅಭಿಪ್ರಾಯ.

ಹೀಗೆನ್ನಲು ಕಾರಣವುಂಟು. ಸೀಬೆಹಣ್ಣಿನ ಜೆಲ್ಲಿ ತಯಾರಿಸುವವರು, ಬೇಯಿಸಿ ಸೋಸಿದ ರಸದಲ್ಲಿ ಪೆಕ್ಟಿನ್ ಎಂಬ ಹೆಪ್ಪುಗಟ್ಟಿಸುವ ದ್ರವ್ಯ ಸಾಕಷ್ಟಿದೆಯೇ ಎಂದು ತಿಳಿಯಲು ಒಂದು ಸರಳ ಪರೀಕ್ಷೆ ಮಾಡುತ್ತಾರೆ. ಒಂದು ಚಮಚ ರಸಕ್ಕೆ ಮದ್ಯಸಾರವನ್ನು ಸೇರಿಸಿ ಕೆಲವು ನಿಮಿಷ ಬಿಡುತ್ತಾರೆ. ಪೆಕ್ಟಿನ್ ಸಮೃದ್ಧವಾಗಿದ್ದರೆ ಅಂಟಂಟಾದ ಒಂದು ಗಡ್ಡೆ ಕಟ್ಟಿಕೊಳ್ಳುತ್ತದೆ. ಕಡಮೆಯಾಗಿದ್ದರೆ ಚೂರುಚೂರಾದ ತುಣುಕುಗಳು ಕಾಣುತ್ತವೆ. ಪೆಕ್ಟಿನ್ ಎಂಬುದು ಸಸ್ಯದ ಕೋಶಭಿತ್ತಿಯಲ್ಲಿರುವ, ಸಕ್ಕರೆಯಂಥ ಘಟಕಗಳು ಸರಪಣಿಯಾಗಿ ಹೆಣೆದುಕೊಂಡ ದ್ರವ್ಯ. ಅದಕ್ಕೂ ಆನುವಂಶಿಕತೆಗೂ ಯಾವ ಸಂಬಂಧವೂ ಇಲ್ಲ. ಆದರೂ ಮದ್ಯಸಾರದಲ್ಲಿ ಅದು ಹೆಪ್ಪುಗಟ್ಟುತ್ತದೆ. ಹಾಗಾದರೆ ನಮ್ಮ ಪರಂಗಿ ಹಣ್ಣಿನ ಪ್ರನಾಳದಲ್ಲಿ ಮೇಲೆದ್ದುದು ಏನು? ಅದರಲ್ಲಿ ಡಿ.ಎನ್.ಎ. ಇರುವುದು ನಿಜ. ಆದರೆ ಅದರೊಡನೆ ಪೆಕ್ಟಿನ್ ಉಂಟು, ಆರ್.ಎನ್.ಎ. ಉಂಟು, ಪ್ರೋಟೀನು ಉಂಟು. ಬಿಳುಪನ್ನೂ ಎಳೆಯ ಆಕಾರವನ್ನೂ ನೋಡಿದ ಮಾತ್ರಕ್ಕೆ ಇವುಗಳಲ್ಲಿ ಯಾವುದು ಎಷ್ಟೆಂದು ಯಾರೂ ಹೇಳಲಾರರು.

ಇಲ್ಲಿಯೇ ರಾಸಾಯನಿಕ ಕಾರಕಗಳ ಪ್ರಶ್ನೆ ಏಳುತ್ತದೆ. ಒಂದು ದ್ರವ್ಯದ ಮೇಲೆ ನಿರ್ದಿಷ್ಟ ಪರಿಣಾಮವನ್ನು ಉಂಟುಮಾಡಲೆಂದು ನಾವು ಬಳಸುವ ರಾಸಾಯನಿಕವೇ ಕಾರಕ. ಪ್ರತಿಯೊಂದು ಕಾರಕವೂ ಒಂದು ಕೆಲಸವನ್ನು ಮಾಡುತ್ತದೆ, ಮತ್ತೊಂದನ್ನು ಮಾಡದೆ ಬಿಡುತ್ತದೆ. ಮಾಡುವುದನ್ನು ಪಠ್ಯಪುಸ್ತಕಗಳು ಹೇಳುತ್ತವೆ. ಬಿಡುವುದನ್ನು ಹೇಳುವವರು ವಿರಳ. ಈ ಎರಡನ್ನೂ ತಿಳಿದವನಿಗೆ ಮಾತ್ರ ತನ್ನ ಕೈಯಲ್ಲಿರುವುದು ಏನೆಂದು ಹೇಳುವ ಅಧಿಕಾರ ಬರುತ್ತದೆ.

ಮೊದಲು ಕೋಶದ ಸ್ಥಿತಿಯನ್ನು ನೆನೆಯೋಣ. ಮನುಷ್ಯನ ಒಂದು ಕೋಶದಲ್ಲಿರುವ ಡಿ.ಎನ್.ಎ.ಯನ್ನು ಬಿಡಿಸಿ ತುದಿಗೆ ತುದಿ ಜೋಡಿಸಿದರೆ ಸುಮಾರು ೨ ಮೀಟರು ಉದ್ದವಾಗುತ್ತದೆ. ಅದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು ಅಗಲವಿರುವ ಕೋಶಕೇಂದ್ರದೊಳಗೆ, ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡು ಅಡಗಿದೆ. ಅದರ ಸುತ್ತ ಕೋಶಕೇಂದ್ರದ ಪೊರೆ, ಆಚೆಗೆ ಕೋಶದ ಪೊರೆ. ಸಸ್ಯವಾದರೆ ಅದಕ್ಕೂ ಆಚೆಗೆ ಗಟ್ಟಿಯಾದ ಭಿತ್ತಿ. ಈ ಭಿತ್ತಿಯನ್ನು ಒಡೆಯಲೆಂದೇ ನಾವು ಒರಳಿನಲ್ಲಿ ಅರೆಯುವುದು.

ಪೊರೆಗಳನ್ನು ಕರಗಿಸುವುದು ಸಾಬೂನಿನ ಕೆಲಸ. ಪೊರೆಗಳು ಮುಖ್ಯವಾಗಿ ಕೊಬ್ಬಿನ ಜಾತಿಯ ಅಣುಗಳಿಂದಾದವು. ಸಾಬೂನಿನ ಅಣುವಿನ ಒಂದು ತುದಿ ನೀರನ್ನು ಬಯಸುತ್ತದೆ, ಇನ್ನೊಂದು ಕೊಬ್ಬನ್ನು ಬಯಸುತ್ತದೆ. ಜಿಡ್ಡಿನ ತಟ್ಟೆಯನ್ನು ಅದು ಹೇಗೆ ಶುಚಿಮಾಡುವುದೋ ಹಾಗೆಯೇ ಕೋಶದ ಪೊರೆಯನ್ನೂ ಚೂರುಗಳಾಗಿ ಬಿಡಿಸಿ ನೀರಿನಲ್ಲಿ ತೇಲಿಸಿಬಿಡುತ್ತದೆ. ಪ್ರಯೋಗಶಾಲೆಗಳಲ್ಲಿ ಇದಕ್ಕೆ ಬಳಸುವ ಸೋಡಿಯಂ ಡೊಡೆಸೈಲ್ ಸಲ್ಫೇಟ್ ಎಂಬ ಮಾರ್ಜಕವು ಪ್ರೋಟೀನುಗಳಿಗೂ ಅಂಟಿಕೊಂಡು ಅವುಗಳ ಮಡಿಕೆಗಳನ್ನು ಬಿಚ್ಚುತ್ತದೆ. ಆದರೆ ಬಿಚ್ಚುವುದು ಬೇರೆ, ತೆಗೆದುಹಾಕುವುದು ಬೇರೆ. ಮಡಿಕೆ ಬಿಚ್ಚಿದ ಪ್ರೋಟೀನು ದ್ರಾವಣದಲ್ಲಿ ಹಾಗೆಯೇ ಉಳಿದಿರುತ್ತದೆ.

ಉಪ್ಪಿನದು ಎರಡು ಕೆಲಸ. ಡಿ.ಎನ್.ಎ.ಯ ಬೆನ್ನೆಲುಬಿನಂತಿರುವ ಫಾಸ್ಫೇಟುಗಳು ಋಣ ಆವೇಶವುಳ್ಳವು. ಹಿಸ್ಟೋನುಗಳು ಧನ ಆವೇಶವುಳ್ಳವು. ಈ ಆಕರ್ಷಣೆಯಿಂದಲೇ ಅವು ಒಂದಕ್ಕೊಂದು ಕಚ್ಚಿಕೊಂಡಿವೆ. ಉಪ್ಪು ಸಾಕಷ್ಟು ಸಾಂದ್ರವಾಗಿದ್ದಾಗ ಅದರ ಅಯಾನುಗಳು ನಡುವೆ ನುಗ್ಗಿ ಈ ಹಿಡಿತವನ್ನು ಸಡಿಲಿಸುತ್ತವೆ. ಎರಡನೆಯದಾಗಿ, ಸೋಡಿಯಂ ಅಯಾನುಗಳು ಫಾಸ್ಫೇಟುಗಳ ಋಣ ಆವೇಶವನ್ನು ಮರೆಮಾಡಿ, ಎಳೆಗಳು ಒಂದನ್ನೊಂದು ದೂರ ತಳ್ಳದಂತೆ ಮಾಡುತ್ತವೆ. ಮುಂದೆ ಮದ್ಯಸಾರ ಸೇರಿದಾಗ ಇದರ ಫಲ ಕಾಣುತ್ತದೆ.

ಮದ್ಯಸಾರ ಮಾಡುವುದೇನು? ವಿರುದ್ಧ ಆವೇಶಗಳ ನಡುವಣ ಆಕರ್ಷಣೆಯನ್ನು ನೀರು ಸುಮಾರು ೮೦ರಲ್ಲಿ ಒಂದು ಪಾಲಿಗೆ ತಗ್ಗಿಸುತ್ತದೆ. ಆದುದರಿಂದಲೇ ನೀರಿನಲ್ಲಿ ಸೋಡಿಯಮ್ಮೂ ಫಾಸ್ಫೇಟೂ ಬೇರೆಬೇರೆಯಾಗಿ ಇರಬಲ್ಲವು, ಡಿ.ಎನ್.ಎ. ಕರಗಿಯೇ ಇರಬಲ್ಲದು. ಮದ್ಯಸಾರವು ಅದೇ ಆಕರ್ಷಣೆಯನ್ನು ಸುಮಾರು ೨೫ರಲ್ಲಿ ಒಂದು ಪಾಲಿಗೆ ಮಾತ್ರ ತಗ್ಗಿಸುತ್ತದೆ. ಅದು ದ್ರಾವಣದಲ್ಲಿ ಹೆಚ್ಚಿದಂತೆಲ್ಲ ಸೋಡಿಯಂ ಫಾಸ್ಫೇಟನ್ನು ಬಿಗಿಯಾಗಿ ಹಿಡಿಯುತ್ತದೆ; ನೀರಿನ ಆಸರೆ ತಪ್ಪಿದ ಎಳೆಗಳು ಒಂದರೊಡನೊಂದು ಕೂಡಿ ಹೊರಬೀಳುತ್ತವೆ. ಆದರೆ ಮದ್ಯಸಾರಕ್ಕೆ ಡಿ.ಎನ್.ಎ.ಯ ಪರಿಚಯವಿಲ್ಲ. ನೀರಿನ ಆಸರೆಯಿಂದ ಕರಗಿರುವ ಆರ್.ಎನ್.ಎ., ಪೆಕ್ಟಿನ್, ಪ್ರೋಟೀನು ಮೊದಲಾದ ದೊಡ್ಡ ಅಣುಗಳನ್ನೂ ಅದು ಹೊರದೂಡಬಲ್ಲದು. "ಶುದ್ಧ" ಎಂಬ ಪದ ಜಾರಿಬೀಳುವುದು ಇಲ್ಲಿಯೇ.

ಸಂಶೋಧನಾಲಯಗಳಲ್ಲಿ ಇನ್ನೂ ಕೆಲವು ಕಾರಕಗಳು ಬರುತ್ತವೆ. ಕೋಶ ಒಡೆದೊಡನೆ ಅದರೊಳಗಿನ ಕಿಣ್ವಗಳೇ ಡಿ.ಎನ್.ಎ.ಯನ್ನು ತುಂಡರಿಸತೊಡಗುತ್ತವೆ. ಇಂತಹ ಕಿಣ್ವಗಳಲ್ಲಿ ಮುಖ್ಯವಾದವಕ್ಕೆ ಮೆಗ್ನೀಸಿಯಂ ಅಯಾನು ಬೇಕು. ಇ.ಡಿ.ಟಿ.ಎ. ಎಂಬ ದ್ರವ್ಯ ಮೆಗ್ನೀಸಿಯಮ್ಮನ್ನು ಹಿಡಿದಿಟ್ಟು ಅವುಗಳ ಕೈಕಟ್ಟುತ್ತದೆ. ದ್ರಾವಣ ಆಮ್ಲೀಯವಾದರೆ ಡಿ.ಎನ್.ಎ. ತಾನಾಗಿಯೇ ಕೆಡುವುದರಿಂದ, ಟ್ರಿಸ್ ಎಂಬ ಮತ್ತೊಂದು ದ್ರವ್ಯ ಅದನ್ನು ಕೊಂಚ ಕ್ಷಾರೀಯವಾಗಿಯೇ ಉಳಿಸುತ್ತದೆ. ಪ್ರೋಟೀನನ್ನು ತೆಗೆಯಲು ಕ್ಲೋರೋಫಾರಂ ಅಥವಾ ಫಿನಾಲ್ ಸೇರಿಸಿ ಕಲಕುತ್ತಾರೆ. ಪ್ರೋಟೀನು ಹಾಲಿನ ಕೆನೆಯಂತೆ ಎರಡು ದ್ರವಗಳ ನಡುವೆ ನಿಲ್ಲುತ್ತದೆ, ಡಿ.ಎನ್.ಎ. ಮೇಲಣ ನೀರಿನಲ್ಲಿ ಉಳಿಯುತ್ತದೆ. ಆರ್.ಎನ್.ಎ.ಯನ್ನು ನಾಶಮಾಡಲು ಅದನ್ನೇ ಜೀರ್ಣಿಸುವ ಕಿಣ್ವ ಬೇಕು. ಕತ್ತರಿಸಿಟ್ಟ ಬದನೆಕಾಯಿ ಕಪ್ಪಾಗುವುದನ್ನು ಎಲ್ಲರೂ ಕಂಡಿದ್ದೇವೆ. ಆ ಕಪ್ಪಿಗೆ ಕಾರಣವಾದ ದ್ರವ್ಯಗಳು ಡಿ.ಎನ್.ಎ.ಗೂ ಅಂಟಿಕೊಳ್ಳುವುದರಿಂದ ಸಸ್ಯಗಳಿಗೆ ಬೇರೆಯೇ ಕಾರಕಗಳು ಬೇಕಾಗುತ್ತವೆ. ಒಂದೊಂದು ಕಾರಕದ ಹಿಂದೆಯೂ "ಇದರಲ್ಲಿ ಇನ್ನೇನು ಉಳಿದಿದೆ?" ಎಂಬ ಒಂದು ಸಂದೇಹವಿದೆ. ಈ ಸಂದೇಹಗಳ ಚರಿತ್ರೆಯೇ ಡಿ.ಎನ್.ಎ.ಯ ಚರಿತ್ರೆ ಎಂದರೂ ತಪ್ಪಾಗಲಾರದು.

೧೮೬೯ರಲ್ಲಿ ಫ್ರೀಡ್ರಿಷ್ ಮೀಷರ್ ಎಂಬ ಸ್ವಿಟ್ಜರ್ಲೆಂಡಿನ ತರುಣ ವೈದ್ಯನು ಜರ್ಮನಿಯ ಟ್ಯೂಬಿಂಗನ್ನಿನಲ್ಲಿ, ಆಸ್ಪತ್ರೆಯಿಂದ ತಂದ ಗಾಯದ ಪಟ್ಟಿಗಳಲ್ಲಿನ ಕೀವಿನಿಂದ ಕೋಶಗಳನ್ನು ಸಂಗ್ರಹಿಸಿದನು. ಪಟ್ಟಿಯಿಂದ ಕೋಶಗಳನ್ನು ತೊಳೆಯಲು ಸೋಡಿಯಂ ಸಲ್ಫೇಟಿನ ದ್ರಾವಣ, ಪ್ರೋಟೀನನ್ನು ಜೀರ್ಣಿಸಲು ಹಂದಿಯ ಜಠರದಿಂದ ತೆಗೆದ ಪೆಪ್ಸಿನ್, ಉಳಿದುದನ್ನು ಕರಗಿಸಲು ಕ್ಷಾರ, ಮತ್ತೆ ಹೊರತರಲು ಆಮ್ಲ: ಇವೇ ಅವನ ಕಾರಕಗಳು. ದೊರೆತ ದ್ರವ್ಯ ಪೆಪ್ಸಿನ್ನಿಗೆ ಜಗ್ಗಲಿಲ್ಲ. ಅದರಲ್ಲಿ ರಂಜಕ ಹೇರಳವಾಗಿತ್ತು. ಪ್ರೋಟೀನಿನಿಂದ ಭಿನ್ನವಾದ ಇದನ್ನು ಅವನು ನ್ಯೂಕ್ಲೀನ್ ಎಂದು ಕರೆದನು. ಅವನ ಗುರು ಹೊಪ್ಪೆ-ಝೈಲರರು ಶಿಷ್ಯನ ಮಾತನ್ನು ಕೂಡಲೇ ಅಚ್ಚಿಗೆ ಕಳಿಸಲಿಲ್ಲ. ಪ್ರಯೋಗಗಳನ್ನು ತಾವೇ ಮತ್ತೆ ಮಾಡಿ ನೋಡಿ, ತೃಪ್ತರಾದ ಬಳಿಕ ೧೮೭೧ರಲ್ಲಿ ಪ್ರಕಟಿಸಿದರು. ಎರಡು ವರ್ಷಗಳ ವಿಳಂಬ ಮೀಷರನಿಗೆ ಕಹಿಯಾಗಿರಬಹುದು. ವಿಜ್ಞಾನಕ್ಕೆ ಅದರಿಂದ ನಷ್ಟವಾಗಲಿಲ್ಲ.

ಇದಕ್ಕಿಂತಲೂ ಮಹತ್ವದ ಪ್ರಸಂಗ ೧೯೪೪ರದು. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಏವರಿ, ಮೆಕ್‌ಲಿಯಾಡ್ ಮತ್ತು ಮೆಕಾರ್ಟಿ ಎಂಬ ಮೂವರು, ನಿರುಪದ್ರವಿಯಾದ ನ್ಯುಮೋನಿಯಾ ಬ್ಯಾಕ್ಟೀರಿಯವನ್ನು ರೋಗಕಾರಕವನ್ನಾಗಿ ಶಾಶ್ವತವಾಗಿ ಮಾರ್ಪಡಿಸುವ ದ್ರವ್ಯ ಯಾವುದೆಂದು ಹುಡುಕುತ್ತಿದ್ದರು. ಪಿತ್ತರಸದ ಲವಣವೊಂದರಿಂದ ಬ್ಯಾಕ್ಟೀರಿಯಗಳನ್ನು ಕರಗಿಸಿ, ಕ್ಲೋರೋಫಾರಮ್ಮಿನಿಂದ ಪ್ರೋಟೀನನ್ನು ತೆಗೆದು, ಕಿಣ್ವದಿಂದ ಅವುಗಳ ಹೊರಕವಚದ ಸಕ್ಕರೆ ಸರಪಣಿಗಳನ್ನು ಜೀರ್ಣಿಸಿ, ಕೊನೆಗೆ ಮದ್ಯಸಾರವನ್ನು ತೊಟ್ಟುತೊಟ್ಟಾಗಿ ಬೆರೆಸಿದರು. ಆಗ ಕಡ್ಡಿಗೆ ಸುತ್ತಿಕೊಂಡಿತು, ನಮ್ಮ ವಿದ್ಯಾರ್ಥಿಗಳು ಇಂದು ಕಾಣುವಂಥದೇ ಬಿಳಿಯ ಎಳೆ. ೭೫ ಲೀಟರು ಬ್ಯಾಕ್ಟೀರಿಯ ಸಾರದಿಂದ ದೊರೆಯುತ್ತಿದ್ದುದು ೧೦ರಿಂದ ೨೫ ಮಿಲಿಗ್ರಾಂ ಮಾತ್ರ. ೬೦ ಕೋಟಿಯಲ್ಲಿ ಒಂದು ಪಾಲಿನಷ್ಟು ತೆಳುವಾದಾಗಲೂ ಅದು ತನ್ನ ಕೆಲಸವನ್ನು ಮಾಡುತ್ತಿತ್ತು.

ಆದರೂ ಅವರು ಎಳೆಯನ್ನು ನೋಡಿ ತೃಪ್ತರಾಗಲಿಲ್ಲ. ಪ್ರೋಟೀನನ್ನು ಒಡೆಯುವ ಟ್ರಿಪ್ಸಿನ್, ಆರ್.ಎನ್.ಎ.ಯನ್ನು ಒಡೆಯುವ ಕಿಣ್ವ, ಇವುಗಳಿಂದ ಅದರ ಶಕ್ತಿ ಕುಂದುವುದಿಲ್ಲವೆಂದು ತೋರಿಸಿದರು. ಅದೇ ಸಂಸ್ಥೆಯ ಆಲ್ಫ್ರೆಡ್ ಮರ್ಸ್ಕಿ ಎಂಬ ವಿಜ್ಞಾನಿ ಅಷ್ಟಕ್ಕೂ ಒಪ್ಪಲಿಲ್ಲ. ಶುದ್ಧವೆನಿಸಿಕೊಂಡ ಡಿ.ಎನ್.ಎ.ಯಲ್ಲಿ ಪರೀಕ್ಷೆಗಳ ಕಣ್ಣುತಪ್ಪಿಸಿ ನೂರಕ್ಕೆ ೧ ಅಥವಾ ೨ ಪಾಲು ಪ್ರೋಟೀನು ಉಳಿದಿರಬಹುದು, ನಿಜವಾದ ವಂಶವಾಹಿ ಆ ಪ್ರೋಟೀನೇ ಆಗಿರಬಾರದೇಕೆ, ಎಂಬುದು ಅವರ ಆಕ್ಷೇಪ. ಇದನ್ನು ಹಟಮಾರಿತನವೆಂದು ತಳ್ಳಿಹಾಕುವಂತಿಲ್ಲ. ಅಷ್ಟು ಅಲ್ಪ ಪ್ರಮಾಣದಲ್ಲಿ ಫಲಕೊಡುವ ದ್ರವ್ಯದ ವಿಷಯದಲ್ಲಿ ನೂರಕ್ಕೆ ಒಂದು ಪಾಲು ಸಣ್ಣದೇನಲ್ಲ. ಆಕ್ಷೇಪಕ್ಕೆ ಉತ್ತರ ಬಂದುದು ವಾದದಿಂದಲ್ಲ, ಕಾರಕಗಳಿಂದ. ೧೯೪೬ರಲ್ಲಿ ಮೆಕಾರ್ಟಿ ಮತ್ತು ಏವರಿ, ಡಿ.ಎನ್.ಎ.ಯನ್ನು ಮಾತ್ರ ಒಡೆಯುವ ಕಿಣ್ವವನ್ನು ಶುದ್ಧಿಗೊಳಿಸಿ, ಅದು ಸೋಕಿದೊಡನೆ ಎಳೆಯ ಶಕ್ತಿ ನಾಶವಾಗುವುದನ್ನು ತೋರಿಸಿದರು. ಆ ಕಿಣ್ವಕ್ಕೆ ಮೆಗ್ನೀಸಿಯಂ ಬೇಕೆಂದು ಕಂಡುಕೊಂಡು, ಅದನ್ನು ತಡೆಯಲು ಸಿಟ್ರೇಟನ್ನು ಬಳಸಿದರು, ಇಂದು ಇ.ಡಿ.ಟಿ.ಎ. ಮಾಡುವ ಕೆಲಸವೇ ಅದು. ಬಳಿಕ ಹಾಚ್‌ಕಿಸ್ ಎಂಬ ವಿಜ್ಞಾನಿ ಪ್ರೋಟೀನಿನ ಅಂಶವನ್ನು ನೂರಕ್ಕೆ ೦.೦೨ ಪಾಲಿಗೆ ಇಳಿಸಿದರೂ ಶಕ್ತಿ ಕುಂದಲಿಲ್ಲ. ೧೯೫೨ರಲ್ಲಿ ಹರ್ಷಿ ಮತ್ತು ಚೇಸ್ ವೈರಸ್ಸುಗಳ ಮೇಲೆ ನಡೆಸಿದ ಪ್ರಯೋಗ ಬೇರೊಂದು ದಾರಿಯಿಂದ ಅದೇ ತೀರ್ಮಾನವನ್ನು ಬಲಪಡಿಸಿತು.

ಶುದ್ಧಿಯಷ್ಟೇ ಅಲ್ಲ, ಮೃದುತ್ವವೂ ಮುಖ್ಯ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ರುಡಾಲ್ಫ್ ಸಿಗ್ನರ್ ಎಂಬವರು ಕರುವಿನ ಥೈಮಸ್ ಗ್ರಂಥಿಯಿಂದ ಡಿ.ಎನ್.ಎ.ಯನ್ನು ತುಂಡಾಗದಂತೆ ಬಹು ಎಚ್ಚರಿಕೆಯಿಂದ ಬಿಡಿಸಿ, ೧೯೫೦ರಲ್ಲಿ ಅದನ್ನು ಇತರ ವಿಜ್ಞಾನಿಗಳಿಗೆ ಹಂಚಿದರು. ರೊಸಾಲಿಂಡ್ ಫ್ರಾಂಕ್ಲಿನ್ ಮತ್ತು ಗಾಸ್ಲಿಂಗ್ ೧೯೫೨ರಲ್ಲಿ ತೆಗೆದ ಪ್ರಸಿದ್ಧ ಎಕ್ಸ್-ಕಿರಣ ಚಿತ್ರಕ್ಕೆ ಆ ಡಿ.ಎನ್.ಎ.ಯೇ ಆಧಾರ. ಮರುವರ್ಷ ಪ್ರಕಟವಾದ ಜೋಡಿ ಸುರುಳಿಯನ್ನು ಎಲ್ಲರೂ ಬಲ್ಲರು. ಅದಕ್ಕೆ ದ್ರವ್ಯವನ್ನು ಒದಗಿಸಿದ ಸಿಗ್ನರರ ಹೆಸರನ್ನು ಬಲ್ಲವರು ಎಷ್ಟು ಮಂದಿ?

ಇದೆಲ್ಲ ಹಳೆಯ ಕಥೆ, ಇಂದು ಎಲ್ಲವೂ ಸಿದ್ಧವಾಗಿ ಪೆಟ್ಟಿಗೆಯಲ್ಲಿ ಬರುತ್ತದೆಯಲ್ಲ ಎಂದು ಕೆಲವರು ಕೇಳಬಹುದು. ನಿಜ. ಇಂದು ಪ್ರಯೋಗಶಾಲೆಗಳು ಕೊಳ್ಳುವ ಕಿಟ್ಟುಗಳಲ್ಲಿ ಕಾರಕಗಳ ಸೀಸೆಗಳಿಗೆ ಹೆಸರಿಗೆ ಬದಲು ಅಕ್ಷರ, ಅಂಕೆಗಳ ಗುರುತೇ ಇರುವುದು ಸಾಮಾನ್ಯ. ಮೊದಲನೆಯದನ್ನು ಇಷ್ಟು ಹಾಕು, ಎರಡನೆಯದನ್ನು ಅಷ್ಟು ಹಾಕು ಎಂಬ ಆದೇಶವನ್ನು ಪಾಲಿಸಿದರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಮೋಟಾರು ಓಡಿಸುವವನು ಎಂಜಿನ್ನನ್ನು ಬಿಚ್ಚಲು ಬಲ್ಲವನಾಗಿರಬೇಕೇ ಎಂಬುದು ಇವರ ವಾದ. ದಿನಕ್ಕೆ ನೂರಾರು ಮಾದರಿಗಳನ್ನು ಪರೀಕ್ಷಿಸಬೇಕಾದ ಆಸ್ಪತ್ರೆಯಲ್ಲಿ ಕಿಟ್ಟು ಬೇಕೇ ಬೇಕು. ಅದರಿಂದ ಸಮಯ ಉಳಿಯುತ್ತದೆ, ಫಲಿತಾಂಶದಲ್ಲಿ ಏಕರೂಪತೆ ಬರುತ್ತದೆ. ಇದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಮೋಟಾರು ನಡುದಾರಿಯಲ್ಲಿ ನಿಂತಾಗ ಏನು ಗತಿ? ಇಂತಹ ಅನೇಕ ಕಿಟ್ಟುಗಳಲ್ಲಿ ಗ್ವಾನಿಡೀನಿನ ಲವಣವಿರುತ್ತದೆ. ಅದು ಪ್ರೋಟೀನುಗಳನ್ನು ಬಿಚ್ಚಿ, ಡಿ.ಎನ್.ಎ. ಸಿಲಿಕಾ ಕಣಗಳಿಗೆ ಅಂಟಿಕೊಳ್ಳುವಂತೆ ಮಾಡುತ್ತದೆ. ಇದನ್ನರಿಯದೆ ಮೇಜನ್ನು ಶುಚಿಮಾಡಲೆಂದು ಅದರ ಮೇಲೆ ಬ್ಲೀಚಿಂಗ್ ದ್ರಾವಣ ಸುರಿದರೆ ವಿಷಾನಿಲಗಳು ಏಳಬಹುದು. ತೊಳೆಯಲು ಬಳಸಿದ ಮದ್ಯಸಾರವೋ ಇ.ಡಿ.ಟಿ.ಎ.ಯೋ ಮಾದರಿಯಲ್ಲಿ ಹೆಚ್ಚಾಗಿ ಉಳಿದರೆ ಮುಂದಿನ ಪರೀಕ್ಷೆಯ ಕಿಣ್ವ ಕೆಲಸ ಮಾಡುವುದಿಲ್ಲ. ಆಗ ರೋಗಾಣು ಇದ್ದರೂ ಯಂತ್ರ "ಇಲ್ಲ" ಎನ್ನುತ್ತದೆ. ಆ "ಇಲ್ಲ"ವನ್ನು ನಂಬಬಹುದೇ ಎಂದು ಕೇಳಬಲ್ಲವನು ಸೀಸೆಯೊಳಗೆ ಏನಿದೆ ಎಂದು ಬಲ್ಲವನೇ. ೨೦೨೦ರಲ್ಲಿ ಕೋವಿಡ್ ಹಬ್ಬಿದಾಗ ವೈರಸ್ಸಿನ ಆರ್.ಎನ್.ಎ.ಯನ್ನು ಬೇರ್ಪಡಿಸುವ ಕಿಟ್ಟುಗಳಿಗೆ ಅನೇಕ ದೇಶಗಳಲ್ಲಿ ಅಭಾವವುಂಟಾಯಿತು. ಅಂತಹ ಸಮಯದಲ್ಲಿ ಕೆಲವು ಪ್ರಯೋಗಶಾಲೆಗಳು ಕಾರಕಗಳನ್ನು ತಾವೇ ಬೆರೆಸಿಕೊಂಡು ಕೆಲಸ ಮುಂದುವರಿಸಿದವು. ಸೀಸೆಯ ಗುರುತನ್ನಷ್ಟೇ ಬಲ್ಲವರಿಗೆ ಅದು ಸಾಧ್ಯವಾಗುತ್ತಿರಲಿಲ್ಲ.

ಶಾಲೆ ಕಾಲೇಜುಗಳಲ್ಲಿ ಫಿನಾಲ್, ಕ್ಲೋರೋಫಾರಮ್ಮುಗಳನ್ನು ಬಳಸಿರೆಂದು ನಾನು ಹೇಳುತ್ತಿಲ್ಲ. ಫಿನಾಲ್ ಚರ್ಮವನ್ನು ಸುಡುತ್ತದೆ, ಅವು ಅನುಭವಿಗಳ ಕೈಯಲ್ಲಿಯೇ ಇರಲಿ. ಅಧ್ಯಾಪಕರಿಗೆ ಸಮಯ ಸಾಲದೆಂಬುದನ್ನೂ ಬಲ್ಲೆ. ನನ್ನ ಸಲಹೆ ಸರಳವಾದುದು. ಪ್ರತಿಯೊಂದು ತಂಡವೂ ಒಂದೇ ಪ್ರಯೋಗವನ್ನು ಮಾಡುವುದಕ್ಕೆ ಬದಲು, ತರಗತಿಯನ್ನು ಐದು ತಂಡಗಳಾಗಿ ವಿಭಾಗಿಸಿರಿ. ಮೊದಲನೆಯ ತಂಡ ಎಲ್ಲ ಕಾರಕಗಳನ್ನೂ ಬಳಸಲಿ. ಎರಡನೆಯದು ಸಾಬೂನನ್ನು ಬಿಡಲಿ, ಮೂರನೆಯದು ಉಪ್ಪನ್ನು ಬಿಡಲಿ, ನಾಲ್ಕನೆಯದು ಮದ್ಯಸಾರಕ್ಕೆ ಬದಲು ತಣ್ಣೀರನ್ನು ಹಾಕಲಿ. ಐದನೆಯದು, ಬೇಯಿಸಿ ಸೋಸಿದ ಸೀಬೆಹಣ್ಣಿನ ರಸಕ್ಕೆ ಮದ್ಯಸಾರವನ್ನು ಮಾತ್ರ ಸೇರಿಸಲಿ. ಮದ್ಯಸಾರ ಬೆಂಕಿಗೆ ಬೇಗ ಹತ್ತುವುದರಿಂದ ಅಂದು ದೀಪ, ಒಲೆಗಳನ್ನು ದೂರವಿಡುವುದು ಅಗತ್ಯ. ಬಳಿಕ ಐದು ಪ್ರನಾಳಗಳನ್ನೂ ಸಾಲಾಗಿ ನಿಲ್ಲಿಸಿ ಎಲ್ಲರೂ ನೋಡಲಿ.

ಪುಸ್ತಕದಲ್ಲಿರುವಷ್ಟು ಅಚ್ಚುಕಟ್ಟಾದ ವ್ಯತ್ಯಾಸ ಕಾಣದೆ ಹೋಗಬಹುದು. ಉಪ್ಪು ಬಿಟ್ಟ ಪ್ರನಾಳದಲ್ಲಿಯೂ ಒಂದಿಷ್ಟು ಎಳೆ ಏಳಬಹುದು. ಏಕೆಂದರೆ ಕೋಶದೊಳಗೂ ಲವಣಗಳುಂಟು. ಸಾಬೂನು ಬಿಟ್ಟಲ್ಲಿಯೂ ಕೊಂಚ ಕಾಣಬಹುದು. ಅರೆಯುವಾಗಲೇ ಕೆಲವು ಕೋಶಗಳು ಒಡೆದಿರುತ್ತವೆ. ಹೀಗೇಕಾಯಿತೆಂದು ತರಗತಿಯಲ್ಲಿ ನಡೆಯುವ ಚರ್ಚೆಯೇ ಆ ದಿನದ ನಿಜವಾದ ಪಾಠ. ಅನುಕೂಲವಿರುವ ಕಾಲೇಜುಗಳಲ್ಲಿ, ಅಧ್ಯಾಪಕರು ತಾವೇ ಎಳೆಯ ಒಂದಂಶವನ್ನು ಡೈಫಿನೈಲಮೀನ್ ಕಾರಕದೊಡನೆ ಬಿಸಿಮಾಡಿ ತೋರಿಸಬಹುದು. ಡಿ.ಎನ್.ಎ.ಯಲ್ಲಿರುವ ಡಿಆಕ್ಸಿರೈಬೋಸ್ ಸಕ್ಕರೆ ನೀಲಿ ಬಣ್ಣವನ್ನು ಕೊಡುತ್ತದೆ; ಆರ್.ಎನ್.ಎ.ಯ ರೈಬೋಸ್ ಆ ನೀಲಿಯನ್ನು ಕೊಡುವುದಿಲ್ಲ. ಎಳೆಯಲ್ಲಿ ಡಿ.ಎನ್.ಎ. ಇದೆಯೆಂದು ಅದು ಹೇಳುತ್ತದೆ. ಬೇರೇನೂ ಇಲ್ಲವೆಂದು ಅದೂ ಹೇಳುವುದಿಲ್ಲ.

ಪರೀಕ್ಷಕರಲ್ಲಿಯೂ ಒಂದು ವಿನಂತಿ. ಎಷ್ಟು ಉದ್ದದ ಎಳೆ ದೊರೆಯಿತೆಂದು ನೋಡಿ ಅಂಕ ಕೊಡದೆ, ಯಾವ ಕಾರಕ ಏನನ್ನು ಮಾಡಿತು, ಏನನ್ನು ಮಾಡದೆ ಬಿಟ್ಟಿತು ಎಂದು ಕೇಳಿ ಅಂಕ ಕೊಡಲಿ. ವಿದ್ಯಾರ್ಥಿಯು ತನ್ನ ರೆಕಾರ್ಡು ಪುಸ್ತಕದಲ್ಲಿ, "ಡಿ.ಎನ್.ಎ.ಯನ್ನು ಒಳಗೊಂಡ, ಆರ್.ಎನ್.ಎ., ಪ್ರೋಟೀನು, ಪೆಕ್ಟಿನ್‌ಗಳೂ ಬೆರೆತಿರಬಹುದಾದ ಬಿಳಿಯ ಎಳೆ ದೊರೆಯಿತು" ಎಂದು ಬರೆದರೆ, ಅದರ ಕೆಳಗೆ ಅಧ್ಯಾಪಕರು ಸಂತೋಷದಿಂದ ಸಹಿ ಹಾಕಬಹುದು.